ಮಧುಮೇಹದ ಜಾಗತಿಕ ಹೊರೆ

ಮಧುಮೇಹದ ಜಾಗತಿಕ ಹೊರೆ ಎಂದರೆ ಮಧುಮೇಹ ಅಥವಾ ಸಕ್ಕರೆ ಕಾಯಿಲೆಯು ಪ್ರಪಂಚದ ಜನರ ಆಯುಸ್ಸು, ಆರೋಗ್ಯ, ದುಡಿಮೆ ಮತ್ತು ಹಣಕಾಸಿನ ಮೇಲೆ ಹೇರಿರುವ ಒಟ್ಟು ಭಾರ. ಕಳೆದ ನಾಲ್ಕು ದಶಕಗಳಲ್ಲಿ ಅತ್ಯಂತ ವೇಗವಾಗಿ ಹೆಚ್ಚಿದ ದೀರ್ಘಕಾಲೀನ ರೋಗಗಳಲ್ಲಿ ಮಧುಮೇಹವೂ ಒಂದು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 1980ರಲ್ಲಿ 10.8 ಕೋಟಿಯಷ್ಟಿದ್ದ ರೋಗಿಗಳ ಸಂಖ್ಯೆ 2014ರ ವೇಳೆಗೆ 42.2 ಕೋಟಿಗೆ ಏರಿತು. ಅಂತಾರಾಷ್ಟ್ರೀಯ ಮಧುಮೇಹ ಒಕ್ಕೂಟದ ಲೆಕ್ಕದಲ್ಲಿ 2024ರಲ್ಲಿ 20ರಿಂದ 79 ವರ್ಷ ವಯಸ್ಸಿನ 58.9 ಕೋಟಿ ಜನರಿಗೆ, ಅಂದರೆ ಸುಮಾರು ಒಂಬತ್ತು ವಯಸ್ಕರಲ್ಲಿ ಒಬ್ಬರಿಗೆ, ಮಧುಮೇಹವಿತ್ತು. 2050ರ ವೇಳೆಗೆ ಈ ಸಂಖ್ಯೆ 85.3 ಕೋಟಿ ತಲುಪಬಹುದೆಂದು ಅದೇ ಒಕ್ಕೂಟವು ಅಂದಾಜಿಸಿದೆ.

ಮಧುಮೇಹವನ್ನು ಒಂದು ಕಾಲದಲ್ಲಿ ಶ್ರೀಮಂತ ದೇಶಗಳ ಕಾಯಿಲೆ ಎಂದು ಭಾವಿಸಲಾಗಿತ್ತು. ಇಂದು ರೋಗಿಗಳಲ್ಲಿ ಪ್ರತಿ ಐವರಲ್ಲಿ ನಾಲ್ವರು ಕಡಿಮೆ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿದ್ದಾರೆ. ರೋಗವನ್ನು ತಡೆಯುವ ಮತ್ತು ನಿಯಂತ್ರಿಸುವ ಅನೇಕ ಮಾರ್ಗಗಳು ತಿಳಿದಿದ್ದರೂ ಅವು ಬಹುಪಾಲು ರೋಗಿಗಳನ್ನು ತಲುಪಿಲ್ಲ. ಜೊತೆಗೆ, ಈವರೆಗಿನ ಸಂಶೋಧನೆಯ ಬಹುಭಾಗ ಯುರೋಪ್ ಮತ್ತು ಉತ್ತರ ಅಮೆರಿಕದ ಜನರನ್ನು ಆಧರಿಸಿರುವುದರಿಂದ ದಕ್ಷಿಣ ಏಷ್ಯಾ, ಆಫ್ರಿಕಾ ಮೊದಲಾದ ಪ್ರದೇಶಗಳ ರೋಗಿಗಳ ಕುರಿತ ಅನೇಕ ಮೂಲಭೂತ ಪ್ರಶ್ನೆಗಳಿಗೆ ಇನ್ನೂ ಉತ್ತರ ದೊರೆತಿಲ್ಲ.

## ರೋಗದ ಸ್ವರೂಪ

ಮೇದೋಜೀರಕ ಗ್ರಂಥಿಯಲ್ಲಿರುವ ಬೀಟಾ ಜೀವಕೋಶಗಳು ಇನ್ಸುಲಿನ್ ಎಂಬ ಹಾರ್ಮೋನನ್ನು ಸ್ರವಿಸುತ್ತವೆ. ರಕ್ತದಲ್ಲಿರುವ ಗ್ಲೂಕೋಸ್ ಸ್ನಾಯು, ಕೊಬ್ಬು ಮೊದಲಾದ ಅಂಗಾಂಶಗಳನ್ನು ಸೇರಲು ಇನ್ಸುಲಿನ್ ಅಗತ್ಯ. ಇನ್ಸುಲಿನ್ ಉತ್ಪತ್ತಿ ನಿಂತಾಗ, ಕಡಿಮೆಯಾದಾಗ ಅಥವಾ ದೇಹ ಅದಕ್ಕೆ ಸರಿಯಾಗಿ ಸ್ಪಂದಿಸದಿದ್ದಾಗ ರಕ್ತದಲ್ಲಿ ಗ್ಲೂಕೋಸ್ ಪ್ರಮಾಣ ಏರುತ್ತದೆ. ಬರಿ ಹೊಟ್ಟೆಯ ರಕ್ತಪರೀಕ್ಷೆಯಲ್ಲಿ ಗ್ಲೂಕೋಸ್ ಪ್ರತಿ ಡೆಸಿಲೀಟರಿಗೆ 126 ಮಿಲಿಗ್ರಾಂ ಅಥವಾ ಹೆಚ್ಚು, ಗ್ಲೂಕೋಸ್ ಕುಡಿದ ಎರಡು ಗಂಟೆಗಳ ನಂತರ 200 ಮಿಲಿಗ್ರಾಂ ಅಥವಾ ಹೆಚ್ಚು, ಇಲ್ಲವೇ ಸುಮಾರು ಮೂರು ತಿಂಗಳ ಸರಾಸರಿಯನ್ನು ಸೂಚಿಸುವ ಎಚ್‌ಬಿಎ1ಸಿ ಶೇಕಡಾ 6.5 ಅಥವಾ ಹೆಚ್ಚು ಇದ್ದರೆ ಮಧುಮೇಹವೆಂದು ಪರಿಗಣಿಸಲಾಗುತ್ತದೆ. ರೋಗಲಕ್ಷಣಗಳಿಲ್ಲದವರಲ್ಲಿ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿ ಖಚಿತಪಡಿಸಿಕೊಳ್ಳುವುದು ವಾಡಿಕೆ.

ಮಧುಮೇಹದ ಮುಖ್ಯ ವಿಧಗಳು ಹೀಗಿವೆ:

- ಮೊದಲನೆಯ ವಿಧ: ದೇಹದ ರೋಗನಿರೋಧಕ ವ್ಯವಸ್ಥೆಯೇ ಬೀಟಾ ಜೀವಕೋಶಗಳನ್ನು ನಾಶಮಾಡುವುದರಿಂದ ಬರುವ ರೋಗ. ಮಕ್ಕಳು ಮತ್ತು ಯುವಜನರಲ್ಲಿ ಹೆಚ್ಚಾಗಿ ಕಂಡುಬಂದರೂ ಯಾವ ವಯಸ್ಸಿನಲ್ಲಾದರೂ ಬರಬಹುದು. ಇಂತಹ ರೋಗಿಗಳಿಗೆ ಇನ್ಸುಲಿನ್ ಇಲ್ಲದೆ ಬದುಕುವುದು ಸಾಧ್ಯವಿಲ್ಲ.
- ಎರಡನೆಯ ವಿಧ: ಇನ್ಸುಲಿನ್ ಪ್ರತಿರೋಧ ಮತ್ತು ಇನ್ಸುಲಿನ್ ಕೊರತೆ ಎರಡೂ ಸೇರಿ ಉಂಟಾಗುವ ರೋಗ. ಪ್ರಪಂಚದ ಮಧುಮೇಹಿಗಳಲ್ಲಿ ಶೇಕಡಾ 90ಕ್ಕೂ ಹೆಚ್ಚು ಮಂದಿ ಈ ಗುಂಪಿಗೆ ಸೇರಿದವರು.
- ಗರ್ಭಾವಸ್ಥೆಯ ಮಧುಮೇಹ: ಗರ್ಭಿಣಿಯರಲ್ಲಿ ಮೊದಲ ಬಾರಿಗೆ ಕಾಣಿಸಿಕೊಂಡು ಹೆರಿಗೆಯ ನಂತರ ಸಾಮಾನ್ಯವಾಗಿ ಮರೆಯಾಗುವ ಸ್ಥಿತಿ. ಮುಂದೆ ತಾಯಿ ಮತ್ತು ಮಗು ಇಬ್ಬರಿಗೂ ಎರಡನೆಯ ವಿಧದ ಮಧುಮೇಹ ಬರುವ ಸಾಧ್ಯತೆಯನ್ನು ಇದು ಹೆಚ್ಚಿಸುತ್ತದೆ.
- ಇತರ ವಿಧಗಳು: ಒಂದೇ ಜೀನಿನ ದೋಷದಿಂದ, ಮೇದೋಜೀರಕ ಗ್ರಂಥಿಯ ಕಾಯಿಲೆಗಳಿಂದ, ಕೆಲವು ಔಷಧಿಗಳಿಂದ ಅಥವಾ ಅಪೌಷ್ಟಿಕತೆಯಿಂದ ಬರುವ ಮಧುಮೇಹ.

## ಅಂದಾಜುಗಳು ಮತ್ತು ಅವುಗಳ ವ್ಯತ್ಯಾಸ

ಜಾಗತಿಕ ಹೊರೆಯನ್ನು ಅಳೆಯುವ ಮೂರು ಪ್ರಮುಖ ಪ್ರಯತ್ನಗಳಿವೆ. ಅಂತಾರಾಷ್ಟ್ರೀಯ ಮಧುಮೇಹ ಒಕ್ಕೂಟವು 2000ದಿಂದ ‘ಡಯಾಬಿಟೀಸ್ ಅಟ್ಲಾಸ್’ ಎಂಬ ವರದಿಯನ್ನು ಪ್ರಕಟಿಸುತ್ತಿದೆ. ಅದರ ಮೊದಲ ಆವೃತ್ತಿಯಲ್ಲಿ ರೋಗಿಗಳ ಸಂಖ್ಯೆ ಸುಮಾರು 15.1 ಕೋಟಿ ಎಂದಿತ್ತು. ‘ರೋಗಗಳ ಜಾಗತಿಕ ಹೊರೆ’ ಅಧ್ಯಯನ ತಂಡವು 2021ರಲ್ಲಿ ಎಲ್ಲ ವಯಸ್ಸಿನ 52.9 ಕೋಟಿ ಮಧುಮೇಹಿಗಳಿದ್ದರೆಂದೂ 2050ರ ವೇಳೆಗೆ ಅದು 131 ಕೋಟಿ ಆಗಬಹುದೆಂದೂ 2023ರಲ್ಲಿ ಪ್ರಕಟಿಸಿತು. ಅಸಾಂಕ್ರಾಮಿಕ ರೋಗಗಳ ಅಪಾಯಾಂಶಗಳನ್ನು ಅಧ್ಯಯನ ಮಾಡುವ ‘ಎನ್‌ಸಿಡಿ-ರಿಸ್ಕ್’ ಎಂಬ ವಿಜ್ಞಾನಿಗಳ ಜಾಲವು 2024ರ ನವೆಂಬರಿನಲ್ಲಿ ‘ದಿ ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟಿಸಿದ ವರದಿಯಂತೆ 2022ರಲ್ಲಿ 18 ವರ್ಷ ಮೀರಿದ 82.8 ಕೋಟಿ ಜನರಿಗೆ ಮಧುಮೇಹವಿತ್ತು. 1990ಕ್ಕೆ ಹೋಲಿಸಿದರೆ ಇದು ಸುಮಾರು 63 ಕೋಟಿಯಷ್ಟು ಹೆಚ್ಚಳ. ವಯಸ್ಕರಲ್ಲಿ ರೋಗದ ಪ್ರಮಾಣ ಇದೇ ಅವಧಿಯಲ್ಲಿ ಶೇಕಡಾ 7ರಿಂದ ಶೇಕಡಾ 14ಕ್ಕೆ ಏರಿದೆ.

ಈ ಸಂಖ್ಯೆಗಳು ಪರಸ್ಪರ ಹೊಂದದಿರುವುದಕ್ಕೆ ಕಾರಣಗಳಿವೆ. ಅವು ಪರಿಗಣಿಸುವ ವಯೋಮಾನ ಬೇರೆ, ಬಳಸುವ ಸಮೀಕ್ಷೆಗಳು ಬೇರೆ, ಎಲ್ಲಕ್ಕಿಂತ ಮುಖ್ಯವಾಗಿ ರೋಗನಿರ್ಣಯದ ಪರೀಕ್ಷೆಯೂ ಬೇರೆ. ಎನ್‌ಸಿಡಿ-ರಿಸ್ಕ್ ತಂಡವು ಬರಿ ಹೊಟ್ಟೆಯ ಗ್ಲೂಕೋಸ್ ಅಥವಾ ಎಚ್‌ಬಿಎ1ಸಿ ಇವೆರಡರಲ್ಲಿ ಯಾವುದು ಮಿತಿ ಮೀರಿದರೂ ಮಧುಮೇಹವೆಂದು ಎಣಿಸಿತು.

ಭಾರತದ ಉದಾಹರಣೆಯಿಂದ ಇದು ಸ್ಪಷ್ಟವಾಗುತ್ತದೆ. ಭಾರತದಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆ 10.1 ಕೋಟಿ ರೋಗಿಗಳನ್ನು ಅಂದಾಜಿಸಿದರೆ, ಅಂತಾರಾಷ್ಟ್ರೀಯ ಒಕ್ಕೂಟದ 2024ರ ಅಂದಾಜು ಸುಮಾರು 9 ಕೋಟಿ, ಎನ್‌ಸಿಡಿ-ರಿಸ್ಕ್ ತಂಡದ ಅಂದಾಜು 21.2 ಕೋಟಿ. ಕಬ್ಬಿಣಾಂಶದ ಕೊರತೆಯಿಂದ ಬರುವ ರಕ್ತಹೀನತೆಯಲ್ಲಿ ಎಚ್‌ಬಿಎ1ಸಿ ವಾಸ್ತವಕ್ಕಿಂತ ಹೆಚ್ಚಾಗಿ ಕಾಣಬಹುದು. ಇಂತಹ ರಕ್ತಹೀನತೆ ವ್ಯಾಪಕವಾಗಿರುವ ದೇಶದಲ್ಲಿ ಯಾವ ಪರೀಕ್ಷೆಯನ್ನು ಆಧಾರವಾಗಿ ಇಟ್ಟುಕೊಳ್ಳಬೇಕು ಎಂಬುದೇ ಸಂಶೋಧನೆಯ ವಿಷಯವಾಗಿದೆ. ಔಷಧಿ, ಸಿಬ್ಬಂದಿ ಮತ್ತು ಹಣವನ್ನು ಎಷ್ಟು ಜನರಿಗಾಗಿ ಹೊಂದಿಸಬೇಕು ಎಂಬ ಆಡಳಿತದ ನಿರ್ಧಾರ ಈ ಉತ್ತರವನ್ನೇ ಅವಲಂಬಿಸಿದೆ.

ಮಧುಮೇಹದ ಪ್ರಮಾಣ ಪೆಸಿಫಿಕ್ ದ್ವೀಪರಾಷ್ಟ್ರಗಳು, ಕೆರಿಬಿಯನ್ ಪ್ರದೇಶ, ಮಧ್ಯಪ್ರಾಚ್ಯ, ಉತ್ತರ ಆಫ್ರಿಕಾ, ಪಾಕಿಸ್ತಾನ ಮತ್ತು ಮಲೇಷ್ಯಾಗಳಲ್ಲಿ ಅತ್ಯಧಿಕ. ಪಶ್ಚಿಮ ಯುರೋಪಿನ ಫ್ರಾನ್ಸ್, ಡೆನ್ಮಾರ್ಕ್, ಸ್ಪೇನ್ ಮೊದಲಾದ ದೇಶಗಳಲ್ಲಿ ಕಡಿಮೆ. ಸಂಪತ್ತು ಹೆಚ್ಚಿದಂತೆ ಮಧುಮೇಹವೂ ಹೆಚ್ಚಲೇಬೇಕೆಂಬ ನಿಯಮವಿಲ್ಲವೆಂಬುದು ಈ ಹೋಲಿಕೆಯಿಂದ ತಿಳಿಯುತ್ತದೆ.

## ಹೆಚ್ಚಳದ ಕಾರಣಗಳು

### ವಯಸ್ಸು ಮತ್ತು ಆಯುಸ್ಸು

ಹೆಚ್ಚಳದ ಒಂದು ಭಾಗಕ್ಕೆ ಜನಸಂಖ್ಯೆಯ ಬೆಳವಣಿಗೆ ಮತ್ತು ಆಯುಸ್ಸಿನ ಏರಿಕೆ ಕಾರಣ. ಎರಡನೆಯ ವಿಧದ ಮಧುಮೇಹ ವಯಸ್ಸಿನೊಂದಿಗೆ ಹೆಚ್ಚುತ್ತದೆ. ಚಿಕಿತ್ಸೆಯಿಂದಾಗಿ ರೋಗಿಗಳು ಹಿಂದಿಗಿಂತ ಹೆಚ್ಚು ಕಾಲ ಬದುಕುತ್ತಿರುವುದೂ ಒಟ್ಟು ಸಂಖ್ಯೆಯನ್ನು ಹೆಚ್ಚಿಸಿದೆ. ಆದರೆ ವಯಸ್ಸಿನ ವ್ಯತ್ಯಾಸವನ್ನು ಸರಿದೂಗಿಸಿ ಲೆಕ್ಕ ಹಾಕಿದಾಗಲೂ ರೋಗದ ಪ್ರಮಾಣ ಏರಿರುವುದು ಕಂಡುಬಂದಿದೆ.

### ಬೊಜ್ಜು, ಆಹಾರ ಮತ್ತು ಶ್ರಮ

ದೇಹದ ತೂಕದ ಹೆಚ್ಚಳ, ಅದರಲ್ಲೂ ಹೊಟ್ಟೆಯ ಸುತ್ತ ಸೇರುವ ಕೊಬ್ಬು, ಎರಡನೆಯ ವಿಧದ ಮಧುಮೇಹದ ಅತಿ ದೊಡ್ಡ ಅಪಾಯಾಂಶ. ಈ ರೋಗದಿಂದ ನಷ್ಟವಾಗುವ ಆರೋಗ್ಯಕರ ಜೀವನವರ್ಷಗಳಲ್ಲಿ ಅರ್ಧಕ್ಕಿಂತ ಹೆಚ್ಚಿನ ಪಾಲಿಗೆ ಅಧಿಕ ತೂಕ ಕಾರಣವೆಂದು ‘ರೋಗಗಳ ಜಾಗತಿಕ ಹೊರೆ’ ಅಧ್ಯಯನ ಹೇಳುತ್ತದೆ. ನಗರೀಕರಣ, ಕುಳಿತು ಮಾಡುವ ಕೆಲಸಗಳು, ಸಂಸ್ಕರಿತ ಆಹಾರ ಮತ್ತು ಸಿಹಿಪಾನೀಯಗಳ ಬಳಕೆ ಇದಕ್ಕೆ ಪೂರಕವಾಗಿವೆ. ತಂಬಾಕು ಸೇವನೆ, ವಾಯುಮಾಲಿನ್ಯ ಮತ್ತು ನಿದ್ರೆಯ ಕೊರತೆಯೂ ರೋಗದೊಂದಿಗೆ ನಂಟು ಹೊಂದಿವೆ.

ಭಾರತೀಯರ ಆಹಾರದ ಕುರಿತು 2025ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ವಿಶ್ಲೇಷಣೆಯಲ್ಲಿ ದಿನದ ಶಕ್ತಿಯ ಸುಮಾರು ಶೇಕಡಾ 62ರಷ್ಟು ಕಾರ್ಬೋಹೈಡ್ರೇಟಿನಿಂದ, ಮುಖ್ಯವಾಗಿ ಬಿಳಿ ಅಕ್ಕಿ, ಗೋಧಿ ಹಿಟ್ಟು ಮತ್ತು ಸಕ್ಕರೆಯಿಂದ ಬರುತ್ತಿರುವುದು ಕಂಡುಬಂದಿತು. ಒಟ್ಟು ಕಾರ್ಬೋಹೈಡ್ರೇಟನ್ನು ಇಳಿಸದೆ ಅಕ್ಕಿಯ ಬದಲು ಗೋಧಿ ಅಥವಾ ಸಿರಿಧಾನ್ಯಗಳನ್ನು ಬಳಸುವುದರಿಂದ ಮಾತ್ರ ಅಪಾಯ ಕಡಿಮೆಯಾಗದೆಂಬುದೂ, ಒಂದು ಭಾಗವನ್ನು ಬೇಳೆಕಾಳು, ಹಾಲಿನ ಪದಾರ್ಥ ಮುಂತಾದವುಗಳ ಪ್ರೋಟೀನಿನಿಂದ ಭರಿಸಿದಾಗ ಕಡಿಮೆಯಾಗಬಹುದೆಂಬುದೂ ಆ ವಿಶ್ಲೇಷಣೆಯ ಸೂಚನೆ. ಅನ್ನದ ಬದಲು ರಾಗಿಮುದ್ದೆ ಉಂಡರೆ ಸಾಕೆಂಬ ಕರ್ನಾಟಕದ ಜನಪ್ರಿಯ ನಂಬಿಕೆಗೆ ಇದು ಒಂದು ತಿದ್ದುಪಡಿ: ಧಾನ್ಯ ಯಾವುದೆಂಬುದರಷ್ಟೇ ಅದರ ಪ್ರಮಾಣವೂ ಮುಖ್ಯ.

### ಗರ್ಭಾವಸ್ಥೆ ಮತ್ತು ಬಾಲ್ಯದ ಪ್ರಭಾವ

ಮಧುಮೇಹದ ಬೇರುಗಳು ಹುಟ್ಟಿಗಿಂತ ಮೊದಲೇ ಇರಬಹುದೆಂಬ ವಿಚಾರಕ್ಕೆ ಭಾರತದಿಂದ ಮಹತ್ವದ ಪುರಾವೆಗಳು ದೊರೆತಿವೆ. 1993ರಲ್ಲಿ ವೈದ್ಯ ಸಿ. ಎಸ್. ಯಾಜ್ಞಿಕ್ ಅವರ ನೇತೃತ್ವದಲ್ಲಿ ಪುಣೆಯ ಸಮೀಪದ ಆರು ಹಳ್ಳಿಗಳಲ್ಲಿ ಗರ್ಭಿಣಿಯರ ಪೌಷ್ಟಿಕತೆಯ ಅಧ್ಯಯನ ಆರಂಭವಾಯಿತು. ಅಲ್ಲಿ ಹುಟ್ಟಿದ ಶಿಶುಗಳ ಸರಾಸರಿ ತೂಕ ಸುಮಾರು 2.7 ಕಿಲೋಗ್ರಾಂ, ಇಂಗ್ಲೆಂಡಿನ ಸೌತಾಂಪ್ಟನ್ನಿನ ಶಿಶುಗಳದು ಸುಮಾರು 3.5 ಕಿಲೋಗ್ರಾಂ. ಭಾರತೀಯ ಶಿಶುಗಳಲ್ಲಿ ಸ್ನಾಯು ಕಡಿಮೆಯಿದ್ದರೂ ಚರ್ಮದಡಿಯ ಕೊಬ್ಬು ಆ ಪ್ರಮಾಣದಲ್ಲಿ ಕಡಿಮೆಯಾಗಿರಲಿಲ್ಲ. ನೋಡಲು ತೆಳ್ಳಗಿದ್ದೂ ಒಳಗೆ ಕೊಬ್ಬು ಹೆಚ್ಚಿರುವ ಈ ದೇಹರಚನೆಯು, ಭಾರತೀಯರಲ್ಲಿ ಕಡಿಮೆ ತೂಕದಲ್ಲಿಯೇ ಮಧುಮೇಹ ಬರುವುದನ್ನು ವಿವರಿಸಲು ನೆರವಾಯಿತು. ಭಾರತದಲ್ಲಿ ಅಧಿಕ ತೂಕದ ಮಿತಿಯನ್ನು ದೇಹದ ತೂಕ ಸೂಚ್ಯಂಕ 25ರ ಬದಲು 23 ಎಂದು ಇಟ್ಟುಕೊಳ್ಳುವುದಕ್ಕೂ ಇದೇ ಹಿನ್ನೆಲೆಯಿದೆ.

ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಶಿಶುಗಳ ತೂಕ, ಉದ್ದ ಮತ್ತು ತಲೆಯ ಸುತ್ತಳತೆಯ ದಾಖಲೆಗಳು ಉಳಿದುಬಂದಿದ್ದವು. ಸೌತಾಂಪ್ಟನ್ನಿನ ಸಂಶೋಧಕರು ಮತ್ತು ಮೈಸೂರಿನ ವೈದ್ಯರು ಸೇರಿ ಆ ಶಿಶುಗಳಲ್ಲಿ ವಯಸ್ಕರಾಗಿ ನಗರದಲ್ಲಿ ವಾಸಿಸುತ್ತಿದ್ದವರನ್ನು ಹುಡುಕಿ ಪರೀಕ್ಷಿಸಿದರು. ಹುಟ್ಟಿದಾಗ ಉದ್ದಕ್ಕೆ ಹೋಲಿಸಿದರೆ ಹೆಚ್ಚು ತೂಕವಿದ್ದವರಲ್ಲಿ ಮಧುಮೇಹ ಹೆಚ್ಚಾಗಿತ್ತು. ಅವರ ತಾಯಂದಿರಿಗೆ ಗರ್ಭಾವಸ್ಥೆಯ ಮಧುಮೇಹ ಇದ್ದಿರಬಹುದೆಂಬ ಊಹೆಯನ್ನು ಪರೀಕ್ಷಿಸಲು ಅದೇ ಆಸ್ಪತ್ರೆಯಲ್ಲಿ 1997ರಲ್ಲಿ ‘ಮೈಸೂರು ಪಾರ್ಥೆನಾನ್ ಅಧ್ಯಯನ’ ಆರಂಭವಾಯಿತು. ಅದರಲ್ಲಿ ಶೇಕಡಾ 6ರಷ್ಟು ಗರ್ಭಿಣಿಯರಲ್ಲಿ ಮಧುಮೇಹ ಪತ್ತೆಯಾಯಿತು. ಅವರ ಮಕ್ಕಳಲ್ಲಿ ಬಾಲ್ಯದಲ್ಲಿಯೇ ಕೊಬ್ಬು ಮತ್ತು ಇನ್ಸುಲಿನ್ ಪ್ರತಿರೋಧದ ಲಕ್ಷಣಗಳು ಹೆಚ್ಚಾಗಿ ಕಂಡುಬಂದವು. ಹೀಗೆ ಒಂದು ತಲೆಮಾರಿನ ಮಧುಮೇಹ ಮುಂದಿನ ತಲೆಮಾರಿನ ಮಧುಮೇಹಕ್ಕೆ ದಾರಿಯಾಗುವ ಸರಪಣಿಯನ್ನು ಈ ಅಧ್ಯಯನ ತೋರಿಸಿತು.

## ಪರಿಣಾಮಗಳು

### ತೊಡಕುಗಳು ಮತ್ತು ಸಾವು

ದೀರ್ಘಕಾಲ ನಿಯಂತ್ರಣವಿಲ್ಲದ ಮಧುಮೇಹವು ರಕ್ತನಾಳಗಳು ಮತ್ತು ನರಗಳಿಗೆ ಹಾನಿ ಮಾಡುತ್ತದೆ. ಹೃದಯಾಘಾತ, ಪಾರ್ಶ್ವವಾಯು, ಮೂತ್ರಪಿಂಡಗಳ ವೈಫಲ್ಯ, ಅಕ್ಷಿಪಟಲದ ಹಾನಿಯಿಂದ ಬರುವ ಕುರುಡು, ಪಾದದ ಹುಣ್ಣು ಮತ್ತು ಕಾಲಿನ ಅಂಗಚ್ಛೇದನ ಇದರ ಮುಖ್ಯ ತೊಡಕುಗಳು. ಪಾದದ ಸ್ಪರ್ಶಜ್ಞಾನ ಕಳೆದುಕೊಂಡ ರೋಗಿಗೆ ಚುಚ್ಚಿದ ಮುಳ್ಳಿನ ನೋವೂ ತಿಳಿಯದೆ ಗಾಯ ಕೊಳೆಯುವುದರಿಂದ, ಬರಿಗಾಲಿನಲ್ಲಿ ದುಡಿಯುವ ಗ್ರಾಮೀಣರಲ್ಲಿ ಈ ಅಪಾಯ ಹೆಚ್ಚು.

ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 2021ರಲ್ಲಿ ಮಧುಮೇಹವು ನೇರವಾಗಿ 16 ಲಕ್ಷ ಜನರ ಸಾವಿಗೆ ಕಾರಣವಾಯಿತು. ಅವರಲ್ಲಿ ಶೇಕಡಾ 47ರಷ್ಟು ಮಂದಿ 70 ವರ್ಷ ತುಂಬುವ ಮೊದಲೇ ತೀರಿಕೊಂಡರು. ಮಧುಮೇಹದಿಂದ ಬಂದ ಮೂತ್ರಪಿಂಡದ ಕಾಯಿಲೆಯಿಂದ ಇನ್ನೂ 5.3 ಲಕ್ಷ ಮಂದಿ ಸತ್ತರು. ಹೃದಯ ಮತ್ತು ರಕ್ತನಾಳಗಳ ಕಾಯಿಲೆಯಿಂದಾದ ಸಾವುಗಳಲ್ಲಿ ಮಧುಮೇಹದ ಪಾಲನ್ನು ಸೇರಿಸಿದರೆ ಸಂಖ್ಯೆ ಇನ್ನಷ್ಟು ಹೆಚ್ಚುತ್ತದೆ.

### ಸೋಂಕುರೋಗಗಳೊಂದಿಗೆ ನಂಟು

ಮಧುಮೇಹಿಗಳಿಗೆ ಕ್ಷಯರೋಗ ಬರುವ ಸಾಧ್ಯತೆ ಇತರರಿಗಿಂತ ಎರಡರಿಂದ ಮೂರು ಪಟ್ಟು ಹೆಚ್ಚು, ಚಿಕಿತ್ಸೆ ವಿಫಲವಾಗುವ ಸಾಧ್ಯತೆಯೂ ಹೆಚ್ಚು. ಕ್ಷಯ ಮತ್ತು ಮಧುಮೇಹ ಎರಡೂ ವ್ಯಾಪಕವಾಗಿರುವ ಭಾರತದಂತಹ ದೇಶಗಳಿಗೆ ಇದು ಜೋಡಿ ಹೊರೆ. ಕೋವಿಡ್-19 ಸಾಂಕ್ರಾಮಿಕದ ಕಾಲದಲ್ಲಿ ಮಧುಮೇಹಿಗಳಲ್ಲಿ ರೋಗದ ತೀವ್ರತೆ ಮತ್ತು ಸಾವು ಹೆಚ್ಚಾಗಿದ್ದವು. 2021ರಲ್ಲಿ ಭಾರತದಲ್ಲಿ ಹರಡಿದ ‘ಕಪ್ಪು ಶಿಲೀಂಧ್ರ’ ಸೋಂಕಿಗೆ ತುತ್ತಾದವರಲ್ಲಿಯೂ ಬಹುಪಾಲು ಮಂದಿ ಮಧುಮೇಹಿಗಳಾಗಿದ್ದರು.

### ಆರ್ಥಿಕ ಹೊರೆ

ಮಧುಮೇಹಕ್ಕಾಗಿ ಪ್ರಪಂಚವು ಮಾಡುವ ವಾರ್ಷಿಕ ಆರೋಗ್ಯ ವೆಚ್ಚವು 2024ರಲ್ಲಿ ಒಂದು ಲಕ್ಷ ಕೋಟಿ ಅಮೆರಿಕನ್ ಡಾಲರನ್ನು ದಾಟಿತೆಂದು ಅಂತಾರಾಷ್ಟ್ರೀಯ ಒಕ್ಕೂಟ ಅಂದಾಜಿಸಿದೆ. ಅಮೆರಿಕ ಸಂಯುಕ್ತ ಸಂಸ್ಥಾನವೊಂದರಲ್ಲೇ 2022ರಲ್ಲಿ ಚಿಕಿತ್ಸೆಯ ವೆಚ್ಚ ಮತ್ತು ದುಡಿಮೆಯ ನಷ್ಟ ಸೇರಿ 41,290 ಕೋಟಿ ಡಾಲರ್ ಖರ್ಚಾಯಿತೆಂದು ಅಲ್ಲಿನ ಮಧುಮೇಹ ಸಂಘವು ಲೆಕ್ಕ ಹಾಕಿತು. ರೋಗಿಗಳ ಸಂಖ್ಯೆ ಬಡ ದೇಶಗಳಲ್ಲಿ ಹೆಚ್ಚಿದ್ದರೂ ಹಣ ಖರ್ಚಾಗುತ್ತಿರುವುದು ಬಹುಮಟ್ಟಿಗೆ ಶ್ರೀಮಂತ ದೇಶಗಳಲ್ಲಿ. ವಿಮೆಯಿಲ್ಲದ ಕಡೆ ಈ ಭಾರ ಕುಟುಂಬದ ಮೇಲೆ ಬೀಳುತ್ತದೆ: ಪ್ರತಿದಿನದ ಮಾತ್ರೆ, ರಕ್ತಪರೀಕ್ಷೆ, ಆಸ್ಪತ್ರೆಗೆ ಹೋದ ದಿನದ ಕೂಲಿಯ ನಷ್ಟ, ಮೂತ್ರಪಿಂಡ ಕೈಕೊಟ್ಟಾಗ ಜೀವನಪೂರ್ತಿ ಡಯಾಲಿಸಿಸ್. ಇವುಗಳಿಗಾಗಿ ಸಾಲ ಮಾಡುವ, ಆಸ್ತಿ ಮಾರುವ ಕುಟುಂಬಗಳಲ್ಲಿ ಕಾಯಿಲೆಯೇ ಬಡತನಕ್ಕೆ ಕಾರಣವಾಗುತ್ತದೆ.

## ಭಾರತದಲ್ಲಿ ಮಧುಮೇಹ

ಚರಕ ಮತ್ತು ಸುಶ್ರುತ ಸಂಹಿತೆಗಳು ‘ಮಧುಮೇಹ’ವನ್ನು ಹೆಸರಿಸಿ ವಿವರಿಸಿವೆ. ಸಿಹಿಯಾದ ಮೂತ್ರ ಮತ್ತು ಅದಕ್ಕೆ ಇರುವೆಗಳು ಮುತ್ತುವುದನ್ನು ಪ್ರಾಚೀನ ವೈದ್ಯರು ಗುರುತಿಸಿದ್ದರು. ಆದರೆ ಅದು ವ್ಯಾಪಕ ಸಾರ್ವಜನಿಕ ಆರೋಗ್ಯ ಸಮಸ್ಯೆಯಾದದ್ದು ಇತ್ತೀಚಿನ ದಶಕಗಳಲ್ಲಿ. 1970ರ ದಶಕದಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ನಡೆಸಿದ ಸಮೀಕ್ಷೆಯಲ್ಲಿ ರೋಗದ ಪ್ರಮಾಣ ನಗರಗಳಲ್ಲಿ ಶೇಕಡಾ 2.1, ಹಳ್ಳಿಗಳಲ್ಲಿ ಶೇಕಡಾ 1.5 ಇತ್ತು.

ಅದೇ ಮಂಡಳಿಯ ನೆರವಿನಿಂದ 2008ರಿಂದ 2020ರವರೆಗೆ 31 ರಾಜ್ಯ ಮತ್ತು ಕೇಂದ್ರಾಡಳಿತ ಪ್ರದೇಶಗಳ 1,13,043 ಜನರನ್ನು ಒಳಗೊಂಡು ನಡೆದ ‘ಇಂಡಿಯಾಬ್’ ಸಮೀಕ್ಷೆಯ ಫಲಿತಾಂಶ 2023ರಲ್ಲಿ ಪ್ರಕಟವಾಯಿತು. ಅದರ ಮುಖ್ಯಾಂಶಗಳು:

- ಮಧುಮೇಹ: ಶೇಕಡಾ 11.4, ಅಂದರೆ 10.1 ಕೋಟಿ ಜನ
- ಮಧುಮೇಹ ಪೂರ್ವಸ್ಥಿತಿ: ಶೇಕಡಾ 15.3, ಅಂದರೆ 13.6 ಕೋಟಿ ಜನ
- ನಗರ ಪ್ರದೇಶ: ಶೇಕಡಾ 16.4, ಗ್ರಾಮೀಣ ಪ್ರದೇಶ: ಶೇಕಡಾ 8.9
- ಅತಿ ಹೆಚ್ಚು: ಗೋವಾ, ಶೇಕಡಾ 26.4, ಅತಿ ಕಡಿಮೆ: ಉತ್ತರ ಪ್ರದೇಶ, ಶೇಕಡಾ 4.8
- ರಕ್ತದೊತ್ತಡ: ಶೇಕಡಾ 35.5

ಮಧುಮೇಹ ಕಡಿಮೆಯಿರುವ ಕೆಲವು ರಾಜ್ಯಗಳಲ್ಲಿ ಮಧುಮೇಹ ಪೂರ್ವಸ್ಥಿತಿ ಹೆಚ್ಚಾಗಿದ್ದುದು ಈ ಸಮೀಕ್ಷೆಯ ಗಮನಾರ್ಹ ಅಂಶ. ಉತ್ತರ ಪ್ರದೇಶದಂತಹ ಜನನಿಬಿಡ ರಾಜ್ಯಗಳಲ್ಲಿ ಮುಂದಿನ ವರ್ಷಗಳಲ್ಲಿ ರೋಗ ಏರುವ ಸೂಚನೆಯಿದು. ತಡೆಗಟ್ಟುವ ಕ್ರಮಗಳಿಗೆ ಅಲ್ಲಿ ಇನ್ನೂ ಅವಕಾಶವಿದೆ ಎಂಬುದೂ ಇದರ ಅರ್ಥ.

ಕೇಂದ್ರ ಸರ್ಕಾರವು 2010ರಲ್ಲಿ ಕ್ಯಾನ್ಸರ್, ಮಧುಮೇಹ, ಹೃದಯರೋಗ ಮತ್ತು ಪಾರ್ಶ್ವವಾಯುಗಳ ತಡೆ ಮತ್ತು ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮವನ್ನು ಆರಂಭಿಸಿತು. ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ 30 ವರ್ಷ ಮೀರಿದವರ ತಪಾಸಣೆ ಇದರ ಭಾಗ. ಕರ್ನಾಟಕ ಸರ್ಕಾರವು 2024ರಲ್ಲಿ ಕೋಲಾರ ಜಿಲ್ಲೆಯಲ್ಲಿ ಆರಂಭಿಸಿದ ‘ಗೃಹ ಆರೋಗ್ಯ’ ಯೋಜನೆಯಲ್ಲಿ ಆರೋಗ್ಯ ಕಾರ್ಯಕರ್ತರು ಮನೆಮನೆಗೆ ಹೋಗಿ ಮಧುಮೇಹ, ರಕ್ತದೊತ್ತಡ ಮೊದಲಾದವುಗಳ ತಪಾಸಣೆ ಮಾಡುತ್ತಾರೆ.

## ಪತ್ತೆ ಮತ್ತು ಚಿಕಿತ್ಸೆಯ ಅಂತರ

ಎರಡನೆಯ ವಿಧದ ಮಧುಮೇಹವು ಹಲವು ವರ್ಷಗಳ ಕಾಲ ಲಕ್ಷಣಗಳಿಲ್ಲದೆ ಇರಬಲ್ಲದು. 2024ರಲ್ಲಿ ಪ್ರಪಂಚದ 25.2 ಕೋಟಿ ಮಧುಮೇಹಿಗಳಿಗೆ, ಅಂದರೆ ಶೇಕಡಾ 43ರಷ್ಟು ಮಂದಿಗೆ, ತಮಗೆ ರೋಗವಿದೆಯೆಂಬುದೇ ತಿಳಿದಿರಲಿಲ್ಲ. ಎನ್‌ಸಿಡಿ-ರಿಸ್ಕ್ ಅಧ್ಯಯನದಂತೆ 2022ರಲ್ಲಿ 30 ವರ್ಷ ಮೀರಿದ 44.5 ಕೋಟಿ ರೋಗಿಗಳು, ಅಂದರೆ ಶೇಕಡಾ 59 ಮಂದಿ, ಯಾವ ಔಷಧಿಯನ್ನೂ ತೆಗೆದುಕೊಳ್ಳುತ್ತಿರಲಿಲ್ಲ.

ಇನ್ಸುಲಿನ್ ದೊರಕುವಿಕೆಯಲ್ಲಿ ಈ ಅಂತರ ಎದ್ದು ಕಾಣುತ್ತದೆ. ಕೆನಡಾದ ಟೊರಾಂಟೊ ವಿಶ್ವವಿದ್ಯಾಲಯದಲ್ಲಿ 1921ರಲ್ಲಿ ಫ್ರೆಡರಿಕ್ ಬ್ಯಾಂಟಿಂಗ್ ಮತ್ತು ಚಾರ್ಲ್ಸ್ ಬೆಸ್ಟ್ ಅವರು ಜೆ. ಜೆ. ಆರ್. ಮೆಕ್ಲಿಯೋಡ್ ಅವರ ಪ್ರಯೋಗಾಲಯದಲ್ಲಿ ಇನ್ಸುಲಿನ್ ಸಾರವನ್ನು ಬೇರ್ಪಡಿಸಿದರು. ಜೇಮ್ಸ್ ಕೊಲಿಪ್ ಅದನ್ನು ಶುದ್ಧೀಕರಿಸಿದರು. 1922ರ ಜನವರಿಯಲ್ಲಿ 14 ವರ್ಷದ ಲಿಯೊನಾರ್ಡ್ ಥಾಂಪ್ಸನ್ ಅದನ್ನು ಪಡೆದ ಮೊದಲ ರೋಗಿಯಾದನು. ಬ್ಯಾಂಟಿಂಗ್ ಮತ್ತು ಮೆಕ್ಲಿಯೋಡ್ ಅವರಿಗೆ 1923ರ ನೊಬೆಲ್ ಪ್ರಶಸ್ತಿ ದೊರೆಯಿತು. ಔಷಧಿ ಎಲ್ಲರಿಗೂ ಸಿಗಲೆಂಬ ಉದ್ದೇಶದಿಂದ ಅದರ ಹಕ್ಕುಸ್ವಾಮ್ಯವನ್ನು ವಿಶ್ವವಿದ್ಯಾಲಯಕ್ಕೆ ತಲಾ ಒಂದು ಡಾಲರಿಗೆ ಬಿಟ್ಟುಕೊಡಲಾಯಿತು. ಶತಮಾನ ಕಳೆದರೂ ಎರಡನೆಯ ವಿಧದ ಮಧುಮೇಹದಲ್ಲಿ ಇನ್ಸುಲಿನ್ ಅಗತ್ಯವಿರುವವರ ಪೈಕಿ ಸುಮಾರು ಅರ್ಧದಷ್ಟು ಮಂದಿಗೆ ಮಾತ್ರ ಅದು ಸಿಗುತ್ತಿದೆಯೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಜಾಗತಿಕ ಇನ್ಸುಲಿನ್ ಮಾರುಕಟ್ಟೆಯ ಬಹುಭಾಗ ನೋವೊ ನಾರ್ಡಿಸ್ಕ್, ಎಲಿ ಲಿಲ್ಲಿ ಮತ್ತು ಸನೋಫಿ ಎಂಬ ಮೂರು ಕಂಪನಿಗಳ ಕೈಯಲ್ಲಿರುವುದು ಇದಕ್ಕೆ ಒಂದು ಕಾರಣ. ಬೆಂಗಳೂರಿನ ಬಯೋಕಾನ್ ಸಂಸ್ಥೆಯು ಪಿಕಿಯಾ ಎಂಬ ಯೀಸ್ಟಿನಿಂದ ಇನ್ಸುಲಿನ್ ತಯಾರಿಸುತ್ತಿದೆ. ಅದು ಪಾಲುದಾರ ಕಂಪನಿಯೊಂದಿಗೆ ತಯಾರಿಸಿದ ಇನ್ಸುಲಿನ್ ಗ್ಲಾರ್ಜೀನ್, ಮೂಲ ಔಷಧಿಯ ಬದಲಿಗೆ ನೇರವಾಗಿ ನೀಡಬಹುದಾದ ಮೊದಲ ಜೈವಿಕ ಸಮಾನ ಇನ್ಸುಲಿನ್ ಎಂದು 2021ರಲ್ಲಿ ಅಮೆರಿಕದಲ್ಲಿ ಅನುಮೋದನೆ ಪಡೆಯಿತು.

## ಸಂಶೋಧನೆ

### ತಡೆಗಟ್ಟುವಿಕೆಯ ಪುರಾವೆಗಳು

ಜೀವನಶೈಲಿಯ ಬದಲಾವಣೆಯಿಂದ ಎರಡನೆಯ ವಿಧದ ಮಧುಮೇಹವನ್ನು ತಡೆಯಬಹುದು ಅಥವಾ ಮುಂದೂಡಬಹುದೆಂಬುದನ್ನು ಹಲವು ಪ್ರಯೋಗಗಳು ದೃಢಪಡಿಸಿವೆ.

- ಚೀನಾ: 1986ರಲ್ಲಿ ಡಾಚಿಂಗ್ ನಗರದಲ್ಲಿ 577 ಜನರೊಂದಿಗೆ ಆರಂಭವಾದ ಪ್ರಯೋಗ. ಆರು ವರ್ಷಗಳ ಆಹಾರ ಮತ್ತು ವ್ಯಾಯಾಮ ಕಾರ್ಯಕ್ರಮದ ಫಲ 30 ವರ್ಷಗಳ ನಂತರವೂ ಕಂಡಿತು. ಮಧುಮೇಹ ಸರಾಸರಿ ಸುಮಾರು ನಾಲ್ಕು ವರ್ಷ ತಡವಾಗಿ ಬಂದಿತು.
- ಫಿನ್ಲೆಂಡ್: 2001ರಲ್ಲಿ ಫಲಿತಾಂಶ ಪ್ರಕಟವಾದ 522 ಜನರ ಪ್ರಯೋಗ, ಅಪಾಯ ಶೇಕಡಾ 58 ಇಳಿಯಿತು.
- ಅಮೆರಿಕ: 2002ರಲ್ಲಿ ಫಲಿತಾಂಶ ಪ್ರಕಟವಾದ 3,234 ಜನರ ಪ್ರಯೋಗ, ಜೀವನಶೈಲಿಯ ಬದಲಾವಣೆಯಿಂದ ಶೇಕಡಾ 58, ಮೆಟ್‌ಫಾರ್ಮಿನ್ ಔಷಧಿಯಿಂದ ಶೇಕಡಾ 31 ಇಳಿಕೆ.
- ಭಾರತ: 2006ರಲ್ಲಿ ಚೆನ್ನೈನ ಎ. ರಾಮಚಂದ್ರನ್ ಮತ್ತು ಸಂಗಡಿಗರು ಪ್ರಕಟಿಸಿದ 531 ಜನರ ಪ್ರಯೋಗ; ಜೀವನಶೈಲಿಯಿಂದ ಶೇಕಡಾ 28.5, ಮೆಟ್‌ಫಾರ್ಮಿನ್‌ನಿಂದ ಶೇಕಡಾ 26.4 ಇಳಿಕೆ. ಎರಡನ್ನೂ ಸೇರಿಸಿದಾಗ ಹೆಚ್ಚುವರಿ ಲಾಭ ಕಾಣಲಿಲ್ಲ.

ಭಾರತದ ಫಲಿತಾಂಶ ಬೇರೆಯಾಗಿರುವುದು ಗಮನಾರ್ಹ. ಯಾವ ಚಿಕಿತ್ಸೆಯನ್ನೂ ಪಡೆಯದ ಗುಂಪಿನಲ್ಲಿ ಅಮೆರಿಕದಲ್ಲಿ ಮೂರು ವರ್ಷಗಳಲ್ಲಿ ಸುಮಾರು ಶೇಕಡಾ 29 ಮಂದಿಗೆ ಮಧುಮೇಹ ಬಂದರೆ, ಭಾರತದಲ್ಲಿ ಶೇಕಡಾ 55 ಮಂದಿಗೆ ಬಂದಿತು. ಭಾರತೀಯರಲ್ಲಿ ಪೂರ್ವಸ್ಥಿತಿಯಿಂದ ಪೂರ್ಣ ಮಧುಮೇಹಕ್ಕೆ ಜಾರುವ ವೇಗ ಹೆಚ್ಚು. ಒಂದು ದೇಶದ ಸಲಹೆಗಳನ್ನು ಇನ್ನೊಂದು ದೇಶಕ್ಕೆ ಯಥಾವತ್ತಾಗಿ ಅನ್ವಯಿಸಲಾಗದೆಂಬುದಕ್ಕೆ ಇದು ನಿದರ್ಶನ.

ಬ್ರಿಟನ್ನಿನ ‘ಡೈರೆಕ್ಟ್’ ಪ್ರಯೋಗದಲ್ಲಿ (2017) ತೀವ್ರ ತೂಕ ಇಳಿಕೆಯ ಕಾರ್ಯಕ್ರಮವನ್ನು ಅನುಸರಿಸಿದವರಲ್ಲಿ ಶೇಕಡಾ 46 ಮಂದಿ ಒಂದು ವರ್ಷದ ನಂತರ ಔಷಧಿಯಿಲ್ಲದೆಯೇ ಮಧುಮೇಹದ ಮಿತಿಗಿಂತ ಕೆಳಗಿದ್ದರು. ಎರಡನೆಯ ವರ್ಷದಲ್ಲಿ ಇದು ಶೇಕಡಾ 36ಕ್ಕೆ ಇಳಿಯಿತು. ರೋಗವು ಹಿಂದೆ ಸರಿಯಬಹುದೆಂಬುದನ್ನು ತೋರಿಸಿದ ಈ ಪ್ರಯೋಗವು, ಇಳಿಸಿದ ತೂಕವನ್ನು ಉಳಿಸಿಕೊಳ್ಳುವುದು ಎಷ್ಟು ಕಷ್ಟವೆಂಬುದನ್ನೂ ತೋರಿಸಿತು.

### ಚಿಕಿತ್ಸೆಯ ಸಂಶೋಧನೆ

ರಕ್ತದ ಗ್ಲೂಕೋಸನ್ನು ಬಿಗಿಯಾಗಿ ನಿಯಂತ್ರಿಸಿದರೆ ಕಣ್ಣು, ಮೂತ್ರಪಿಂಡ ಮತ್ತು ನರಗಳ ಹಾನಿ ತಗ್ಗುವುದೆಂಬುದನ್ನು ಮೊದಲನೆಯ ವಿಧದಲ್ಲಿ ಉತ್ತರ ಅಮೆರಿಕದ 1993ರ ಅಧ್ಯಯನ ಹಾಗೂ ಎರಡನೆಯ ವಿಧದಲ್ಲಿ ಬ್ರಿಟನ್ನಿನ 1998ರ ಅಧ್ಯಯನ ಸಾಬೀತುಪಡಿಸಿದವು. 2015ರ ನಂತರ ಎಸ್‌ಜಿಎಲ್‌ಟಿ-2 ತಡೆಕಾರಕಗಳು ಮತ್ತು ಜಿಎಲ್‌ಪಿ-1 ವರ್ಗದ ಔಷಧಿಗಳು ಹೃದಯ ಮತ್ತು ಮೂತ್ರಪಿಂಡಗಳನ್ನೂ ರಕ್ಷಿಸುವುದು ತಿಳಿದುಬಂದಿತು. ಮೊದಲನೆಯ ವಿಧದ ಮಧುಮೇಹ ಕಾಣಿಸಿಕೊಳ್ಳುವುದನ್ನು ಮುಂದೂಡುವ ಟೆಪ್ಲಿಝುಮ್ಯಾಬ್ ಔಷಧಿಗೆ ಅಮೆರಿಕದಲ್ಲಿ 2022ರಲ್ಲಿ ಅನುಮೋದನೆ ಸಿಕ್ಕಿತು. ಕಾಂಡಕೋಶಗಳಿಂದ ಬೆಳೆಸಿದ ಬೀಟಾ ಜೀವಕೋಶಗಳ ಕಸಿ ಪಡೆದ 12 ರೋಗಿಗಳಲ್ಲಿ 10 ಮಂದಿ ಒಂದು ವರ್ಷದ ನಂತರ ಇನ್ಸುಲಿನ್ ಚುಚ್ಚುಮದ್ದಿನಿಂದ ಮುಕ್ತರಾಗಿದ್ದರೆಂಬ ವರದಿ 2025ರಲ್ಲಿ ಪ್ರಕಟವಾಯಿತು. ಆದರೆ ಕಸಿಯನ್ನು ದೇಹ ತಿರಸ್ಕರಿಸದಂತೆ ತಡೆಯುವ ಔಷಧಿಗಳನ್ನು ಅವರು ಸೇವಿಸುತ್ತಲೇ ಇರಬೇಕು.

### ಸಂಶೋಧನೆಯ ಅಗತ್ಯವಿರುವ ಕ್ಷೇತ್ರಗಳು

ರೋಗದ ಉಪವಿಧಗಳು. ಎರಡನೆಯ ವಿಧವೆಂದು ಕರೆಯುವ ರೋಗ ವಾಸ್ತವದಲ್ಲಿ ಹಲವು ರೋಗಗಳ ಸಮೂಹವಾಗಿರಬಹುದು. 2018ರಲ್ಲಿ ಸ್ಕ್ಯಾಂಡಿನೇವಿಯಾದ ಸಂಶೋಧಕರು ವಯಸ್ಕರ ಮಧುಮೇಹವನ್ನು ಐದು ಗುಂಪುಗಳಾಗಿ ವಿಂಗಡಿಸಿದರು. 2020ರಲ್ಲಿ ಭಾರತೀಯ ರೋಗಿಗಳ ದತ್ತಾಂಶದ ವಿಶ್ಲೇಷಣೆಯಲ್ಲಿ ನಾಲ್ಕು ಗುಂಪುಗಳು ಕಂಡವು. ಅವುಗಳಲ್ಲಿ ಎರಡು ಯುರೋಪಿನ ವರ್ಗೀಕರಣದಲ್ಲಿ ಇರಲಿಲ್ಲ. ಯಾವ ಗುಂಪಿನವರಿಗೆ ಯಾವ ಔಷಧಿ ಸೂಕ್ತವೆಂಬುದನ್ನು ಇನ್ನೂ ಕಂಡುಕೊಳ್ಳಬೇಕಾಗಿದೆ.

ಅಪೌಷ್ಟಿಕತೆಯ ಮಧುಮೇಹ. ತೀರಾ ಬಡಕಲು ದೇಹದ ಯುವಜನರಲ್ಲಿ ಬರುವ ಮಧುಮೇಹವನ್ನು 1955ರಲ್ಲಿಯೇ ಜಮೈಕಾದಲ್ಲಿ ಗುರುತಿಸಲಾಗಿತ್ತು. ವಿಶ್ವ ಆರೋಗ್ಯ ಸಂಸ್ಥೆ 1985ರಲ್ಲಿ ಇದನ್ನು ಪ್ರತ್ಯೇಕ ವಿಧವೆಂದು ಪಟ್ಟಿಮಾಡಿ, ಪುರಾವೆ ಸಾಲದೆಂದು 1999ರಲ್ಲಿ ಕೈಬಿಟ್ಟಿತು. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ವೈದ್ಯರೂ ಸೇರಿ ನಡೆಸಿದ ಅಧ್ಯಯನಗಳು ಇದು ಇತರ ವಿಧಗಳಿಗಿಂತ ಭಿನ್ನವೆಂದು ತೋರಿಸಿದ ಮೇಲೆ, 2025ರಲ್ಲಿ ಅಂತಾರಾಷ್ಟ್ರೀಯ ಒಕ್ಕೂಟವು ಇದನ್ನು ‘ಐದನೆಯ ವಿಧ’ವೆಂದು ಮಾನ್ಯ ಮಾಡಿತು. ಪ್ರಪಂಚದಲ್ಲಿ 2ರಿಂದ 2.5 ಕೋಟಿ ಜನರಿಗೆ ಇದಿರಬಹುದೆಂಬ ಅಂದಾಜಿದ್ದರೂ ಇದರ ಚಿಕಿತ್ಸೆಗೆ ಸರ್ವಸಮ್ಮತ ಮಾರ್ಗಸೂಚಿ ಇನ್ನೂ ರೂಪುಗೊಳ್ಳಬೇಕಾಗಿದೆ. ಬಡವರ ಕಾಯಿಲೆಯೊಂದು ದಶಕಗಳ ಕಾಲ ವರ್ಗೀಕರಣದ ಪಟ್ಟಿಯಿಂದಲೇ ಹೊರಗುಳಿದದ್ದು ಸಂಶೋಧನೆಯ ಅಸಮಾನತೆಗೆ ಉದಾಹರಣೆ.

ಅನುವಂಶೀಯತೆ. ಮಧುಮೇಹಕ್ಕೆ ಸಂಬಂಧಿಸಿದ ಜೀನ್‌ಗಳ ದೊಡ್ಡ ಅಧ್ಯಯನಗಳಲ್ಲಿ ಯುರೋಪ್ ಮೂಲದವರೇ ಹೆಚ್ಚು. ಅವುಗಳಿಂದ ರೂಪಿಸಿದ ಅಪಾಯದ ಸೂಚಿಗಳು ಇತರ ಜನಾಂಗಗಳಲ್ಲಿ ಅಷ್ಟು ನಿಖರವಾಗಿ ಕೆಲಸ ಮಾಡುವುದಿಲ್ಲ.

ಅನುಷ್ಠಾನ. ತಿಳಿದಿರುವ ಚಿಕಿತ್ಸೆಯನ್ನು ಕಡಿಮೆ ವೆಚ್ಚದಲ್ಲಿ, ತಜ್ಞರಿಲ್ಲದ ಊರುಗಳಿಗೆ ತಲುಪಿಸುವುದು ಹೇಗೆ, ರೋಗಿಗಳು ಚಿಕಿತ್ಸೆಯನ್ನು ನಡುವೆ ಬಿಡದಂತೆ ನೋಡಿಕೊಳ್ಳುವುದು ಹೇಗೆ, ಸಿಹಿಪಾನೀಯಗಳ ಮೇಲಿನ ತೆರಿಗೆ ಮತ್ತು ಆಹಾರದ ಪೊಟ್ಟಣಗಳ ಮೇಲಿನ ಎಚ್ಚರಿಕೆ ಎಷ್ಟು ಫಲಕಾರಿ ಎಂಬ ಪ್ರಶ್ನೆಗಳು ಪ್ರಯೋಗಾಲಯದ ಸಂಶೋಧನೆಯಷ್ಟೇ ಮುಖ್ಯ.

## ಅಂತಾರಾಷ್ಟ್ರೀಯ ಕ್ರಮಗಳು

ಬ್ಯಾಂಟಿಂಗ್ ಅವರ ಜನ್ಮದಿನವಾದ ನವೆಂಬರ್ 14ನ್ನು 1991ರಿಂದ ವಿಶ್ವ ಮಧುಮೇಹ ದಿನವಾಗಿ ಆಚರಿಸಲಾಗುತ್ತಿದೆ. 2006ರ ಡಿಸೆಂಬರ್ 20ರಂದು ವಿಶ್ವಸಂಸ್ಥೆಯ ಸಾಮಾನ್ಯ ಸಭೆ ಇದಕ್ಕೆ ಮಾನ್ಯತೆ ನೀಡಿತು. ಸುಸ್ಥಿರ ಅಭಿವೃದ್ಧಿ ಗುರಿಗಳಲ್ಲಿ ಅಸಾಂಕ್ರಾಮಿಕ ರೋಗಗಳಿಂದಾಗುವ ಅಕಾಲಿಕ ಸಾವನ್ನು 2030ರೊಳಗೆ ಮೂರನೇ ಒಂದರಷ್ಟು ಇಳಿಸುವುದು ಸೇರಿದೆ. ವಿಶ್ವ ಆರೋಗ್ಯ ಸಂಸ್ಥೆಯು 2021ರ ಏಪ್ರಿಲ್‌ನಲ್ಲಿ ಜಾಗತಿಕ ಮಧುಮೇಹ ಒಪ್ಪಂದವನ್ನು ಆರಂಭಿಸಿತು. 2022ರಲ್ಲಿ ಸದಸ್ಯ ರಾಷ್ಟ್ರಗಳು 2030ಕ್ಕೆ ಐದು ಗುರಿಗಳನ್ನು ಒಪ್ಪಿಕೊಂಡವು:

1. ಮಧುಮೇಹಿಗಳಲ್ಲಿ ಶೇಕಡಾ 80 ಮಂದಿಯ ರೋಗ ಪತ್ತೆಯಾಗುವುದು
2. ಪತ್ತೆಯಾದವರಲ್ಲಿ ಶೇಕಡಾ 80 ಮಂದಿಯ ಗ್ಲೂಕೋಸ್ ನಿಯಂತ್ರಣದಲ್ಲಿರುವುದು
3. ಪತ್ತೆಯಾದವರಲ್ಲಿ ಶೇಕಡಾ 80 ಮಂದಿಯ ರಕ್ತದೊತ್ತಡ ನಿಯಂತ್ರಣದಲ್ಲಿರುವುದು
4. 40 ವರ್ಷ ಮೀರಿದ ಮಧುಮೇಹಿಗಳಲ್ಲಿ ಶೇಕಡಾ 60 ಮಂದಿಗೆ ಸ್ಟ್ಯಾಟಿನ್ ಔಷಧಿ ದೊರೆಯುವುದು
5. ಮೊದಲನೆಯ ವಿಧದ ಎಲ್ಲ ರೋಗಿಗಳಿಗೂ ಕೈಗೆಟುಕುವ ಬೆಲೆಯಲ್ಲಿ ಇನ್ಸುಲಿನ್ ಮತ್ತು ಗ್ಲೂಕೋಸ್ ತಪಾಸಣೆಯ ಸಾಧನ ದೊರೆಯುವುದು

ಹತ್ತರಲ್ಲಿ ನಾಲ್ವರ ರೋಗ ಪತ್ತೆಯೇ ಆಗದಿರುವ ಸ್ಥಿತಿಯಲ್ಲಿ ಮೊದಲ ಗುರಿಯೇ ದೂರವಿದೆ. ಉಳಿದ ಗುರಿಗಳು ಅದನ್ನು ಅವಲಂಬಿಸಿವೆ. 2025ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಜಿಎಲ್‌ಪಿ-1 ವರ್ಗದ ಔಷಧಿಗಳನ್ನು ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿದ್ದು, ಅವುಗಳ ಬೆಲೆ ಇಳಿಸುವ ಪ್ರಯತ್ನಗಳಿಗೆ ಇದು ಆಧಾರವಾಗಬಹುದು.

## ಇವನ್ನೂ ನೋಡಿ

- ಮಧುಮೇಹ
- ಇನ್ಸುಲಿನ್
- ಬೊಜ್ಜು
- ರಕ್ತದೊತ್ತಡ
- ವಿಶ್ವ ಆರೋಗ್ಯ ಸಂಸ್ಥೆ
- ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ